ಅಂಗವೈಕಲ್ಯವೂ ನೌಕಾಯಾನವೂ: ಒಂದು ವಿವೇಚನೆ

ತರಗತಿಯಲ್ಲಿ ಟ್ರಫಾಲ್ಗರ್ ಕದನವನ್ನು ಬೋಧಿಸುವಾಗ ವಿದ್ಯಾರ್ಥಿಗಳಲ್ಲಿ ಒಬ್ಬಿಬ್ಬರಾದರೂ ಒಂದು ಪ್ರಶ್ನೆಯನ್ನೆತ್ತುವುದುಂಟು. ತೋಳೊಂದಿಲ್ಲದ, ಒಂದು ಕಣ್ಣಿನ ದೃಷ್ಟಿಯನ್ನು ಬಹುಮಟ್ಟಿಗೆ ಕಳೆದುಕೊಂಡಿದ್ದ ವ್ಯಕ್ತಿ ಅಂಥ ನೌಕಾಬಲವನ್ನು ನಡೆಸಿದುದು ಹೇಗೆ? ನೆಲ್ಸನ್ನನ ಬಲಗಣ್ಣು 1794ರಲ್ಲಿ ಕಾರ್ಸಿಕದ ಕಾಲ್ವಿಯಲ್ಲಿ ಕೆಟ್ಟಿತು. ಬಲದೋಳು 1797ರಲ್ಲಿ ಟೆನೆರೀಫಿನಲ್ಲಿ ಹೋಯಿತು. ಟ್ರಫಾಲ್ಗರ್ ಕದನ ನಡೆದುದು 1805ರಲ್ಲಿ. ಉತ್ತರ ಸರಳವಾದುದೇ. ಅವನಿದ್ದ ವಿಕ್ಟರಿ ಹಡಗಿನಲ್ಲಿ ಸುಮಾರು 800 ಮಂದಿಯಿದ್ದರು. ಹಗ್ಗವೆಳೆಯುವ ಕೈಗಳು ಅವರವು. ಅಧಿಪತಿಗೆ ಬೇಕಾಗಿದ್ದುದು ಗಾಳಿಯ, ದೂರದ, ವೇಳೆಯ ಅರಿವು. ಜೊತೆಗೆ ತನ್ನ ತೀರ್ಮಾನವನ್ನು ಇತರರಿಗೆ ತಲಪಿಸುವ ಒಂದು ಸಾಧನ. ದೊಡ್ಡ ಹಡಗಿನಲ್ಲಿ ಆಜ್ಞೆ ಬೇರೆ, ಶ್ರಮ ಬೇರೆ. ಒಬ್ಬನೇ ನಡೆಸುವ ಸಣ್ಣ ದೋಣಿಯಲ್ಲಿ ಮಾತ್ರ ಇವೆರಡೂ ಒಂದೇ ದೇಹದಲ್ಲಿ ಕೂಡುವುವು. ತೀವ್ರವಾದ ಅಂಗವೈಕಲ್ಯವುಳ್ಳವರಿಗಾಗಿ ಈಚಿನ ಕೆಲವು ದಶಕಗಳಲ್ಲಿ ರೂಪುಗೊಂಡಿರುವ ಹಾಯಿದೋಣಿಗಳು ಸಣ್ಣ ದೋಣಿಯಲ್ಲಿಯೂ ಇವೆರಡನ್ನು ಬೇರ್ಪಡಿಸಿವೆ ಎಂಬುದೇ ನಮ್ಮ ಅಭಿಪ್ರಾಯ. ಅದು ಹೇಗೆ ಸಾಧ್ಯವಾಯಿತು, ಎಲ್ಲಿಯವರೆಗೆ ಸಾಧ್ಯವಾಯಿತು ಎಂಬುದನ್ನು ಇಲ್ಲಿ ವಿಚಾರಿಸೋಣ.

ಸಾಮಾನ್ಯವಾದ ಸಣ್ಣ ಹಾಯಿದೋಣಿ ತನ್ನನ್ನು ನಡೆಸುವವನಿಂದ ಏನನ್ನು ಬೇಡುತ್ತದೆಂಬುದನ್ನು ಮೊದಲು ನೋಡಬೇಕು. ಗಾಳಿ ಹಾಯಿಯನ್ನು ನೂಕಿದಾಗ ದೋಣಿ ಒಂದು ಮಗ್ಗುಲಿಗೆ ವಾಲುತ್ತದೆ. ಅದನ್ನು ತಡೆಯಲು ನಾವಿಕನು ಎದುರಿನ ಅಂಚಿನ ಮೇಲೆ ಕುಳಿತು ಮೈಯನ್ನು ನೀರಿನ ಮೇಲಕ್ಕೆ ಚಾಚುತ್ತಾನೆ. ಎಂದರೆ ಅವನ ದೇಹವೇ ತಕ್ಕಡಿಯ ಇನ್ನೊಂದು ತಟ್ಟೆಯ ತೂಕ. ದೋಣಿ ಗಾಳಿಗೆದುರಾಗಿ ದಿಕ್ಕು ಬದಲಿಸಿದೊಡನೆ ಹಾಯಿಯ ಕೆಳಗಿನ ಅಡ್ಡಮರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬೀಸಿ ಹೋಗುತ್ತದೆ. ಅವನು ತಲೆ ತಗ್ಗಿಸಿ, ಮಂಡಿಯೂರಿ, ಆಚೆಯ ಅಂಚಿಗೆ ದಾಟಬೇಕು. ಈ ಅವಸರದಲ್ಲಿಯೂ ಒಂದು ಕೈ ಚುಕ್ಕಾಣಿಯ ಹಿಡಿಯನ್ನಾಗಲಿ, ಇನ್ನೊಂದು ಕೈ ಹಾಯಿಯ ಹಗ್ಗವನ್ನಾಗಲಿ ಬಿಡುವಂತಿಲ್ಲ. ಕುತ್ತಿಗೆಯ ಬಳಿ ಬೆನ್ನುಹುರಿಗೆ ಪೆಟ್ಟಾಗಿ ಕೈಕಾಲುಗಳ ಬಲವನ್ನು ಕಳೆದುಕೊಂಡವರಿಗೆ ಇಂಥ ದೋಣಿಯಲ್ಲಿ ಎಡೆಯಿಲ್ಲವೆಂಬುದು ಸ್ಪಷ್ಟ. ಆದರೆ ಈ ಬೇಡಿಕೆಗಳು ಗಾಳಿಯವಲ್ಲ, ಕಡಲಿನವೂ ಅಲ್ಲ. ಒಂದು ಬಗೆಯ ದೇಹವನ್ನು ಮನಸ್ಸಿನಲ್ಲಿಟ್ಟುಕೊಂಡು ದೋಣಿ ಕಟ್ಟಿದವನ ಬೇಡಿಕೆಗಳು ಅವು.

ಆದುದರಿಂದ ಮೊದಲ ಬದಲಾವಣೆ ತೂಕಕ್ಕೆ ಸಂಬಂಧಿಸಿದುದು. ದೋಣಿಯ ಅಡಿಯಿಂದ ನೀರಿನೊಳಕ್ಕೆ ಇಳಿದಿರುವ ಹಲಗೆಗೆ ಸಾಕಷ್ಟು ಭಾರವನ್ನು ಕೂಡಿಸಿದರೆ, ಗಾಳಿ ವಾಲಿಸಿದಷ್ಟೂ ಆ ಭಾರ ದೋಣಿಯನ್ನು ಮತ್ತೆ ನೆಟ್ಟಗೆ ನಿಲ್ಲಿಸುತ್ತದೆ. ನಾವಿಕನ ಮೈ ಈ ಕೆಲಸದಿಂದ ಬಿಡುಗಡೆ ಹೊಂದುತ್ತದೆ. ಅವನು ನಡುವೆ, ತಗ್ಗಿನಲ್ಲಿ, ಮುಂದಕ್ಕೆ ಮುಖಮಾಡಿ ಒಂದೇ ಕಡೆ ಕುಳಿತಿರಬಹುದು. ‘2.4 ಎಂ.ಆರ್.’ ಎಂಬ ಒಬ್ಬರೇ ನಡೆಸುವ ದೋಣಿ ಇದಕ್ಕೆ ಒಳ್ಳೆಯ ನಿದರ್ಶನ. (ಹೆಸರಿನಲ್ಲಿರುವ ಸಂಖ್ಯೆ ಉದ್ದವೆಂದು ನಾವೂ ಮೊದಲು ಭ್ರಮಿಸಿದ್ದೆವು; ಅದು ವಿನ್ಯಾಸಸೂತ್ರವೊಂದರ ಫಲಿತಾಂಶವೇ ಹೊರತು ಅಳತೆಯಲ್ಲ.) ಅದರ ಉದ್ದ ಸುಮಾರು 4.2 ಮೀಟರು; ತೂಕ ಸುಮಾರು 260 ಕಿಲೋಗ್ರಾಂ; ಅದರಲ್ಲಿ ಸರಿಸುಮಾರು ಮೂರರಲ್ಲಿ ಎರಡು ಪಾಲು ಅಡಿಯ ಭಾರವೇ. ಹಗ್ಗಗಳೆಲ್ಲವೂ ಕುಳಿತವನ ಎದುರಿಗೇ ಬರುತ್ತವೆ. ವಿಶೇಷವೇನೆಂದರೆ ಈ ದೋಣಿ ಅಂಗವಿಕಲರಿಗಾಗಿಯೇ ಹುಟ್ಟಿದುದಲ್ಲ. ಆಸ್ಟ್ರೇಲಿಯದ ಕ್ರಿಸ್ ಮಿಚೆಲ್ಲರು ರೂಪಿಸಿದ, ಇಂದು ‘ಹ್ಯಾನ್ಸಾ’ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ದೋಣಿಗಳೂ, ಕೆನಡದ ಡಾನ್ ಮಾರ್ಟಿನ್ನರು ವಿನ್ಯಾಸಗೊಳಿಸಿದ ‘ಮಾರ್ಟಿನ್ 16’ ಎಂಬುದೂ ಅಂಗವಿಕಲರನ್ನು ಮನಸ್ಸಿನಲ್ಲಿಟ್ಟುಕೊಂಡೇ ರಚಿತವಾದುವು. ಇವುಗಳಲ್ಲಿ ಚುಕ್ಕಾಣಿಯ ಉದ್ದನೆಯ ಹಿಡಿಗೆ ಬದಲಾಗಿ ಮುಂದುಗಡೆ ಒಂದು ಗಿಡ್ಡ ಕೋಲಿರುತ್ತದೆ. ಅದನ್ನು ಅಂಗೈಯಿಂದ ಒತ್ತಿದರೂ ಸಾಕು.

ಒತ್ತುವ ಕೈಯೂ ಇಲ್ಲದವರ ಗತಿಯೇನು? ಇಲ್ಲಿ ಉಸಿರು ಕೈಯ ಸ್ಥಾನಕ್ಕೆ ಬರುತ್ತದೆ. ನಾವಿಕನ ಬಾಯಿಯ ಬಳಿ ತೆಳುವಾದ ಕೊಳವೆಗಳಿರುತ್ತವೆ. ಊದಿದಾಗ ಮತ್ತು ಹೀರಿದಾಗ ಕೊಳವೆಯೊಳಗಿನ ಒತ್ತಡದಲ್ಲಿ ಉಂಟಾಗುವ ಅಲ್ಪವಾದ ವ್ಯತ್ಯಾಸವನ್ನು ಒಂದು ವಿದ್ಯುತ್ ಸಾಧನ ಗುರುತಿಸಿ ಮೋಟಾರಿಗೆ ಆಜ್ಞೆಯನ್ನು ಕೊಡುತ್ತದೆ. ಒಂದು ಕೊಳವೆಯಲ್ಲಿ ಊದಿದರೆ ಚುಕ್ಕಾಣಿ ಒಂದು ಕಡೆಗೆ, ಹೀರಿದರೆ ಇನ್ನೊಂದು ಕಡೆಗೆ. ಮತ್ತೊಂದರಲ್ಲಿ ಊದಿ ಹೀರಿದರೆ ಹಾಯಿಯ ಹಗ್ಗ ಸಡಿಲವಾಗುತ್ತದೆ, ಬಿಗಿಯಾಗುತ್ತದೆ. ಶಕ್ತಿ ಬ್ಯಾಟರಿಯದು, ನಿರ್ಣಯ ನಾವಿಕನದು. ಹಾಯಿಯ ಅಂಚು ಅದುರುವುದನ್ನು ಕಂಡು, ಕೆನ್ನೆಗೂ ಕಿವಿಗೂ ತಾಗುವ ಗಾಳಿಯನ್ನು ಅರಿತು, ಮುಂದಿನ ಅಲೆಗೆ ಮೊದಲೇ ದೋಣಿಯನ್ನು ತಿರುಗಿಸಬೇಕಾದ ಕಲೆಯಲ್ಲಿ ಯಂತ್ರ ಅವನಿಗೆ ಎಳ್ಳಷ್ಟೂ ನೆರವಾಗದು.

ಈ ಉಪಾಯದ ಮೂಲವನ್ನು ಹುಡುಕುತ್ತ ಹೋದರೆ ಇತಿಹಾಸದ ವಿದ್ಯಾರ್ಥಿಗೆ ಒಂದು ಸ್ವಾರಸ್ಯ ಕಾದಿದೆ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ 1960ರ ದಶಕದ ಮೊದಲಲ್ಲಿ ರೆಜ್ ಮಾಲಿಂಗರು ‘ಪಾಸಮ್’ ಎಂಬ ಸಾಧನವನ್ನು ಸಿದ್ಧಪಡಿಸಿದರು. ಕೈಕಾಲಾಡದ ರೋಗಿ ಅದರ ಕೊಳವೆಯಲ್ಲಿ ಊದಿ ಹೀರಿ ಕರೆಗಂಟೆಯನ್ನು ಬಾರಿಸಬಹುದಾಗಿತ್ತು, ಬೆರಳಚ್ಚಿನ ಯಂತ್ರವನ್ನು ನಡೆಸಬಹುದಾಗಿತ್ತು. ಲುಡ್ವಿಗ್ ಗಟ್‌ಮನ್ನರು 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಪ್ರಾರಂಭವಾದ ದಿನವೇ, ಗಾಲಿಕುರ್ಚಿಯಲ್ಲಿ ಕುಳಿತ 16 ಮಂದಿಯಿಂದ ಬಿಲ್ಲುವಿದ್ಯೆಯ ಸ್ಪರ್ಧೆ ನಡೆಸಿ ಮುಂದಿನ ಪ್ಯಾರಾಲಿಂಪಿಕ್ಸಿಗೆ ಬೀಜವನ್ನು ಬಿತ್ತಿದುದೂ ಇದೇ ಆಸ್ಪತ್ರೆಯಲ್ಲಿಯೇ.

ಉಸಿರಿನಿಂದ ದೋಣಿ ನಡೆಸಿದವರಲ್ಲಿ ಹಿಲರಿ ಲಿಸ್ಟರರ ಹೆಸರು ಮೊದಲು ನೆನಪಾಗುತ್ತದೆ. ಆಕ್ಸ್‌ಫರ್ಡಿನಲ್ಲಿ ಜೀವರಸಾಯನವನ್ನು ಓದಿದ ಆಕೆಯ ಅವಯವಗಳು ನರಸಂಬಂಧವಾದ ಕಾಯಿಲೆಯಿಂದ ಒಂದೊಂದಾಗಿ ಚಲನೆಯನ್ನು ಕಳೆದುಕೊಂಡುವು. ಕೊನೆಗೆ ಸ್ವಾಧೀನದಲ್ಲಿ ಉಳಿದುದು ಕುತ್ತಿಗೆಯಿಂದ ಮೇಲಿನ ಭಾಗವಷ್ಟೆ. 2003ರಲ್ಲಿ ಆಕೆ ಮೊದಲ ಬಾರಿಗೆ ಹಾಯಿದೋಣಿಯನ್ನೇರಿದರು. ಎರಡೇ ವರ್ಷಗಳ ತರುವಾಯ, 2005ರ ಆಗಸ್ಟಿನಲ್ಲಿ, ಡೋವರಿನಿಂದ ಕ್ಯಾಲೇಗೆ ಇಂಗ್ಲಿಷ್ ಕಾಲುವೆಯನ್ನು ಒಬ್ಬರೇ ದಾಟಿದರು. ಹಿಡಿದ ಕಾಲ 6 ಗಂಟೆ 13 ನಿಮಿಷ. ಬ್ರಿಟನ್ನನ್ನು ಸುತ್ತುವ ಯತ್ನ 2008ರಲ್ಲಿ ಅರ್ಧಕ್ಕೇ ನಿಂತಿತು. ಮರುವರ್ಷ ಅದನ್ನು ಮುಂದುವರಿಸಿ ಆಗಸ್ಟ್ 31ರಂದು ಡೋವರಿಗೆ ಹಿಂದಿರುಗಿದರು. 2014ರಲ್ಲಿ ಒಮಾನಿನ ನಾವಿಕೆ ನಶ್ವಾ ಅಲ್ ಕಿಂದಿಯವರೊಡನೆ ಮುಂಬಯಿಯಿಂದ ಮಸ್ಕತ್ತಿಗೆ ಅರಬ್ಬೀ ಸಮುದ್ರವನ್ನು ದಾಟಿದರು. ವಿಜಯನಗರದ ಕುದುರೆಗಳು ಭಟ್ಕಳದ ರೇವಿಗೆ ಬಂದಿಳಿಯುತ್ತಿದ್ದುದು ಇದೇ ಕಡಲಿನ ಮೇಲೆ ಎಂಬುದು ನಮ್ಮ ಓದುಗರಿಗೆ ನೆನಪಿರಬಹುದು. 2018ರಲ್ಲಿ ಲಿಸ್ಟರರು ತೀರಿಕೊಂಡರು.

‘ಒಬ್ಬರೇ’ ಎಂಬ ಮಾತನ್ನು ಮಾತ್ರ ಎಚ್ಚರಿಕೆಯಿಂದ ಬಳಸತಕ್ಕುದು. ಇಂಥ ನಾವಿಕರನ್ನು ದಡದಿಂದ ಎತ್ತಿ ದೋಣಿಯಲ್ಲಿ ಕುಳ್ಳಿರಿಸಲು ಎತ್ತುಯಂತ್ರವೂ ನುರಿತ ಸಹಾಯಕರೂ ಬೇಕು. ಬೆನ್ನುಹುರಿಯ ಮೇಲ್ಭಾಗಕ್ಕೆ ಪೆಟ್ಟಾದವರ ಮೈ ಚಳಿಯನ್ನೂ ಸೆಕೆಯನ್ನೂ ಸರಿದೂಗಿಸಿಕೊಳ್ಳಲಾರದು. ಒಂದೇ ಭಂಗಿಯಲ್ಲಿ ಕುಳಿತು ಚರ್ಮ ಹುಣ್ಣಾದರೂ ನೋವು ತಿಳಿಯದು. ಅವರ ಪಾಲಿಗೆ ಬಿರುಗಾಳಿಗಿಂತ ಹೆಚ್ಚಾಗಿ ಅಂಜಬೇಕಾದ ಶತ್ರುಗಳಿವು. ಜೆಫ್ ಹೋಲ್ಟರು 1984ರಲ್ಲಿ, ತಮ್ಮ 18ನೆಯ ವಯಸ್ಸಿನಲ್ಲಿ, ಕೆರಿಬಿಯನ್ನಿನ ಟಾರ್ಟೋಲ ದ್ವೀಪದ ಕಡಲತೀರದಲ್ಲಿ ಆಳವಿಲ್ಲದ ನೀರಿಗೆ ಧುಮುಕಿ ಕುತ್ತಿಗೆ ಮುರಿದುಕೊಂಡವರು. ಅವರು ಗಾಲಿಕುರ್ಚಿಗೆ ಹೊಂದುವಂತೆ ಕಟ್ಟಿದ ಜೋಡಿದೋಣಿಯೊಂದರಲ್ಲಿ ಅಟ್ಲಾಂಟಿಕ್ಕನ್ನು ದಾಟಿ, 2010ರ ಜನವರಿಯಲ್ಲಿ ಅದೇ ತೀರಕ್ಕೆ ಬಂದು ಸೇರಿದರು. ದೋಣಿಯನ್ನು ನಡೆಸಿದವರು ಅವರು. ಅವರ ದೇಹವನ್ನು ನೋಡಿಕೊಂಡವರು ಜೊತೆಗಿದ್ದ ಶುಶ್ರೂಷಕಿ. ಇದರಿಂದ ಹೋಲ್ಟರ ಸಾಧನೆ ಕಡಮೆಯಾಯಿತೆಂದು ವಾದಿಸುವವರು ವಿಕ್ಟರಿಯ 800 ಮಂದಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದೀತು.

ಸ್ಪರ್ಧೆಗಳ ಇತಿಹಾಸ ಇಷ್ಟು ಸಂತೋಷಕರವಾದುದಲ್ಲ. ಹಾಯಿದೋಣಿಯ ಸ್ಪರ್ಧೆ 1996ರಲ್ಲಿ ಅಟ್ಲಾಂಟದ ಪ್ಯಾರಾಲಿಂಪಿಕ್ಸಿನಲ್ಲಿ ಪ್ರದರ್ಶನವಾಗಿ ನಡೆದು, 2000ರಲ್ಲಿ ಸಿಡ್ನಿಯಲ್ಲಿ ಪದಕಗಳಿಗೆ ಅರ್ಹವಾಯಿತು. ಅಲ್ಲಿ ಎದುರಾದ ತೊಡಕು ನ್ಯಾಯಶಾಸ್ತ್ರದವರೂ ಮೆಚ್ಚುವಂಥದು. ಅಂಗವಿಕಲರಿಗೇ ಮೀಸಲಾದ ಸ್ಪರ್ಧೆಯಲ್ಲಿಯೂ ಗೆಲ್ಲಬೇಕೆಂಬವರು ಸಹಜವಾಗಿಯೇ ಅತ್ಯಂತ ಕಡಮೆ ವೈಕಲ್ಯವುಳ್ಳವರನ್ನು ಆರಿಸಿಕೊಳ್ಳುತ್ತಾರೆ. ತೀವ್ರ ವೈಕಲ್ಯವುಳ್ಳವರು ಮತ್ತೆ ದಡದಲ್ಲಿಯೇ ಉಳಿಯುತ್ತಾರೆ. ಇದನ್ನು ತಡೆಯಲು ಪ್ರತಿಯೊಬ್ಬರಿಗೂ 1ರಿಂದ 7ರವರೆಗೆ ಅಂಕವನ್ನು ಕೊಟ್ಟರು. ಅತಿ ತೀವ್ರವಾದ ವೈಕಲ್ಯಕ್ಕೆ 1. ‘ಸೋನಾರ್’ ದೋಣಿಯ ಮೂವರ ಅಂಕಗಳ ಮೊತ್ತ 14ನ್ನು ಮೀರುವಂತಿರಲಿಲ್ಲ. 2008ರಲ್ಲಿ ಸೇರಿದ, ಇಬ್ಬರು ನಡೆಸುವ ‘ಸ್ಕಡ್ 18’ ದೋಣಿಯ ನಿಯಮ ಇನ್ನೂ ಖಚಿತವಾಗಿತ್ತು: ಇಬ್ಬರಲ್ಲಿ ಒಬ್ಬರು 1 ಅಥವಾ 2 ಅಂಕದವರಾಗಿರಲೇಬೇಕು, ಇಬ್ಬರಲ್ಲಿ ಒಬ್ಬರಾದರೂ ಸ್ತ್ರೀಯಾಗಿರಬೇಕು. ಕ್ರೀಡೆಯ ನಿಯಮಾವಳಿಗಳಲ್ಲಿ ಇಷ್ಟು ವಿಚಾರವಂತಿಕೆ ವಿರಳವೆಂದು ನಾವು ಭಾವಿಸುತ್ತೇವೆ.

2015ರ ಜನವರಿಯಲ್ಲಿ ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿ, ಈ ಕ್ರೀಡೆ ಸಾಕಷ್ಟು ದೇಶಗಳಿಗೆ ಹರಡಿಲ್ಲವೆಂಬ ಕಾರಣದಿಂದ ಇದನ್ನು ಟೋಕಿಯೋ ಕ್ರೀಡೆಗಳಿಂದ ಕೈಬಿಟ್ಟಿತು. 2016ರಲ್ಲಿ ರಿಯೋದಲ್ಲಿ ನಡೆದುದೇ ಕೊನೆಯದಾಯಿತು. ಪ್ಯಾರಿಸ್ಸಿಗೂ 2028ರ ಲಾಸ್ ಏಂಜಲೀಸಿಗೂ ಮತ್ತೆ ಸೇರಿಸಬೇಕೆಂಬ ಯತ್ನಗಳು ಫಲಿಸಲಿಲ್ಲ. ಕಾರಣ ಸುಳ್ಳಲ್ಲ. ಎತ್ತುಯಂತ್ರ, ಬೆಂಗಾವಲಿನ ದೋಣಿ, ತಕ್ಕ ಧಕ್ಕೆ ಇವೆಲ್ಲವುಗಳ ವೆಚ್ಚವನ್ನು ಬಡ ದೇಶಗಳು ಹೊರುವುದು ಕಷ್ಟ. ಆದರೆ ಅದರ ಪರಿಣಾಮ ಎಲ್ಲರ ಮೇಲೂ ಒಂದೇ ಸಮನಾಗಿರಲಿಲ್ಲ. 2.4 ಎಂ.ಆರ್. ದೋಣಿಯ ಮುಕ್ತ ವಿಶ್ವಸ್ಪರ್ಧೆಯಲ್ಲಿ ಅಂಗವಿಕಲರೂ ಇತರರೂ ಒಂದೇ ಸಾಲಿನಲ್ಲಿ ಹೊರಡುತ್ತಾರೆ. ಎಡಗೈಯಿಲ್ಲದೆ ಹುಟ್ಟಿದ ಫ್ರಾನ್ಸಿನ ಡಾಮಿಯೆನ್ ಸೆಗಾನರು ರಿಯೋದಲ್ಲಿ ಈ ದೋಣಿಯಲ್ಲಿ ಚಿನ್ನವನ್ನು ಗೆದ್ದು, ಬಳಿಕ ಒಬ್ಬರೇ ಭೂಮಿಯನ್ನು ಸುತ್ತುವ ವಾಂಡೆ ಗ್ಲೋಬ್ ಸ್ಪರ್ಧೆಯನ್ನು 2021ರಲ್ಲಿ ಪೂರೈಸಿ ಏಳನೆಯವರಾದರು. ಸ್ಕಡ್ 18ರಲ್ಲಿ 1 ಮತ್ತು 2 ಅಂಕದವರಿಗಾಗಿ ಕಾದಿರಿಸಿದ್ದ ಪ್ಯಾರಾಲಿಂಪಿಕ್ ಆಸನ ಮಾತ್ರ ರಿಯೋದೊಡನೆಯೇ ಇಲ್ಲವಾಯಿತು.