ಪಿಳ್ಳೆಯವರು ನಿಜವಾಗಿ ಸೋತರೇ?

ಪವಾಯಿಯ ಕೆರೆಯ ಸುತ್ತ ಮೊದಲು ಕಾರ್ಖಾನೆ, 1958ರಲ್ಲಿ ಐ.ಐ.ಟಿ., ಈಚೆಗೆ ಮುಗಿಲೆತ್ತರದ ವಸತಿಗಳು ಎದ್ದಂತೆಲ್ಲ ನಮ್ಮವರ ದೋಸೆಕಲ್ಲೂ ಅಲ್ಲಿಗೆ ತಲುಪಿತು. ಅಂಥ ಹೋಟೆಲೊಂದರಲ್ಲಿ, ಊಟದ ಗದ್ದಲ ಅಡಗಿ ಸಂಜೆಯ ಚಹಾದ ಗಿರಾಕಿಗಳು ಬರುವ ಮುನ್ನ ದೊರಕುವ ಅಲ್ಪ ಬಿಡುವಿನಲ್ಲಿ, ಟೀವಿಯಲ್ಲಿ 'ಪಡೋಸನ್' ನಡೆಯುತ್ತಿದ್ದುದನ್ನು ನಾವು ಕಂಡೆವು. 1968ರ ಈ ಹಿಂದಿ ಚಿತ್ರವನ್ನು ನೋಡದವರು ನಮ್ಮ ವಾಚಕರಲ್ಲಿ ವಿರಳ. ಜುಟ್ಟು ಬಿಟ್ಟ ದಕ್ಷಿಣದ ಸಂಗೀತ ಮೇಷ್ಟ್ರು ಪಿಳ್ಳೆಯವರಾಗಿ ಮೆಹಮೂದ್. ಎದುರು ಕಿಟಕಿಯಲ್ಲಿ ನಾಯಕ ಸುನೀಲ್ ದತ್. ನಾಯಕನಿಗೆ ಸಂಗೀತದ ಗಂಧವೇ ಇಲ್ಲ. ಮರೆಯಲ್ಲಿ ನಿಂತು ಕಿಶೋರ್ ಕುಮಾರ್ ಹಾಡುತ್ತಾನೆ, ಇವನು ಬಾಯಿ ಆಡಿಸುತ್ತಾನೆ. ಪಿಳ್ಳೆಯವರು ಸೋಲುತ್ತಾರೆ, ನಾವೆಲ್ಲರೂ ನಗಬೇಕು. ಚಿತ್ರದವರ ಉದ್ದೇಶ ಅಷ್ಟೇ.

ನಕ್ಕದ್ದೂ ಹೌದು. ಆದರೆ ಹಾಡು ಮುಗಿದೊಡನೆ, ಹಿಟ್ಟಿನ ಪಾತ್ರೆ ತೊಳೆಯುತ್ತಿದ್ದ ಹುಡುಗನು ಅಡಿಗೆಯವರತ್ತ ತಿರುಗಿ, "ಭಟ್ರೇ, ಪಿಳ್ಳೆಯವ್ರು ಎಲ್ಲಿ ಸೋತದ್ದು? ಗೆದ್ದದ್ದು ಬಾಯಿ ಆಡ್ಸಿದವ, ಹಾಡಿದವ ಅಲ್ಲ" ಎಂದನು.

ಭಟ್ಟರು ಹೆಗಲ ಬೈರಾಸಿನಿಂದ ಮುಖ ಒರೆಸಿಕೊಂಡು, "ಎಲ್ಲ ಕಡೆಯೂ ಹಾಗೇ ಮಾರಾಯ. ದೋಸೆ ಹೊಯ್ಯುವವ ಒಳಗೆ, ಹೆಸರು ಹೊರಗಿನ ಬೋರ್ಡಿಗೆ" ಎಂದರು. ಧಣಿಗಳು ಗಲ್ಲೆಯಲ್ಲಿ ಇರಲಿಲ್ಲವೆಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು.

ಈ ಮಾತಿನ ಹಿಂದೆ ಒಂದು ಹಳೆಯ ನೋವಿದೆ. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ಈ ನಗರದಲ್ಲಿ ದಕ್ಷಿಣದವರ ವಿರುದ್ಧ ಚಳವಳಿ ನಡೆಯಿತು. ನಾಲ್ಕು ಭಾಷೆಯವರಿಗೂ 'ಮದರಾಸಿ' ಎಂಬ ಒಂದೇ ಹಣೆಪಟ್ಟಿ. ಉಡುಪಿ ಹೋಟೆಲುಗಳೂ ದಾಳಿಗೆ ಗುರಿಯಾದವು. ಅದಾಗಿ ಎರಡೇ ವರ್ಷಕ್ಕೆ ಪರದೆಯ ಮೇಲೆ ಪಿಳ್ಳೆಯವರು ಬಂದರು. ಅಗ್ಗದ ಟಿಕೆಟಿನ ಸಾಲಿನಲ್ಲಿ ಕುಳಿತ ನಮ್ಮವನು ಏನು ಮಾಡಬೇಕಿತ್ತು? ಎದ್ದು ಹೋದರೆ ಕಾಸು ನಷ್ಟ, ಸಿಟ್ಟು ಮಾಡಿದರೆ ಅಪಾಯ. ಆದುದರಿಂದ ಎಲ್ಲರೊಡನೆ ನಕ್ಕು, ತೀರ್ಪನ್ನು ಮಾತ್ರ ಮನಸ್ಸಿನಲ್ಲೇ ತಿದ್ದಿಕೊಂಡು ಹೊರಬಂದನು. ಇದನ್ನು ಹೇಡಿತನವೆನ್ನುವವರೊಡನೆ ನಮಗೆ ಸಹಮತವಿಲ್ಲ.

ಇದು ಸಿನಿಮಾದಿಂದ ಬಂದ ಗುಣವೂ ಅಲ್ಲ. ಹತ್ತನೆಯ ಶತಮಾನದಲ್ಲಿ ರನ್ನನು ತನ್ನ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಹೊಗಳಲು ಗದಾಯುದ್ಧವನ್ನು ಬರೆದನು. ಓದಿದವರ ಮನಸ್ಸು ರಣರಂಗದಲ್ಲಿ ಒಂಟಿಯಾಗಿ ನಡೆವ ದುರ್ಯೋಧನನ ಹಿಂದೆ ಹೋಯಿತು. 1926ರಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಅದನ್ನೇ ದುರಂತ ನಾಟಕವನ್ನಾಗಿ ರೂಪಿಸಿದರು. ತಾಳಮದ್ದಳೆಯ ವಾಲಿವಧೆಯಲ್ಲಿಯೂ ರಾಮನ ಸಮಾಧಾನಕ್ಕಿಂತ ವಾಲಿಯ ಪ್ರಶ್ನೆಗಳಿಗಾಗಿ ಕಿವಿ ನಿಮಿರಿಸುವವರೇ ಹೆಚ್ಚು. ನೋಡುಗನು ಮಾಡಿಕೊಂಡ ಅರ್ಥವೆಲ್ಲ ಸಾಧುವೆಂದು ನಾವು ವಾದಿಸುತ್ತಿಲ್ಲ. ಖಳನ ಅಟ್ಟಹಾಸಕ್ಕೆ ಸೀಟಿ ಹೊಡೆಯುವವನೆಲ್ಲ ವಿಮರ್ಶಕನಲ್ಲ.

ಕೆಲವೊಮ್ಮೆ ನೋಡುಗನು ಕಥೆಯನ್ನೇ ಮುಂದುವರಿಸಿದ್ದುಂಟು. ರಮಾನಂದ ಸಾಗರರ 'ರಾಮಾಯಣ' 1987ರ ಜನವರಿಯಿಂದ 1988ರ ಜುಲೈವರೆಗೆ ದೂರದರ್ಶನದಲ್ಲಿ ಬಂದಾಗ, ಟೀವಿಗೆ ಹೂಮಾಲೆ ಹಾಕಿ ಊದುಬತ್ತಿ ಹಚ್ಚಿದವರ ವಿಷಯ ಎಲ್ಲರಿಗೂ ಗೊತ್ತು. ಪಂಜಾಬಿನ ಜಲಂಧರದ ಪೌರಕಾರ್ಮಿಕರ ಮುಷ್ಕರ ಅಷ್ಟು ನೆನಪಿನಲ್ಲಿಲ್ಲ. ಧಾರಾವಾಹಿಯು ಪಟ್ಟಾಭಿಷೇಕದಲ್ಲಿಯೇ ಮುಗಿಯುವುದೆಂದು ತಿಳಿದಾಗ ಅವರು ಪೊರಕೆ ಕೆಳಗಿಟ್ಟರು. ವಾಲ್ಮೀಕಿಯನ್ನು ಗುರುವೆಂದು ಪೂಜಿಸುವ ಆ ಜನರಿಗೆ, ಸೀತೆಗೆ ಆಶ್ರಯವಿತ್ತು ಲವಕುಶರನ್ನು ಬೆಳೆಸಿದ ಋಷಿಯ ಭಾಗವಿಲ್ಲದ ರಾಮಾಯಣ ಪೂರ್ಣವಲ್ಲ. ಮುಷ್ಕರ ಇತರ ಊರುಗಳಿಗೂ ಹಬ್ಬಿತು, ಸರಕಾರ ಮಣಿಯಿತು, ಉತ್ತರಕಾಂಡದ ಕಥೆಯೂ ಟೀವಿಗೆ ಬಂದಿತು.

ನಮ್ಮವರಿಗೆ ಇನ್ನೂ ಹತ್ತಿರದ್ದು 1972ರ 'ಬಂಗಾರದ ಮನುಷ್ಯ'. ಟಿ. ಕೆ. ರಾಮರಾಯರ ಕಾದಂಬರಿ, ಸಿದ್ಧಲಿಂಗಯ್ಯನವರ ನಿರ್ದೇಶನ, ರಾಜಕುಮಾರರ ರಾಜೀವ. ತರುಣರು ಪೇಟೆ ಬಿಟ್ಟು ಹಳ್ಳಿಗೆ ಮರಳಿ ಮಣ್ಣಿನಲ್ಲಿ ದುಡಿಯಲಿ ಎಂಬುದು ಅದರ ಬೋಧೆ. ಹಾಗೆ ಮರಳಿದವರೂ ಇದ್ದರೆಂದು ಹೇಳುತ್ತಾರೆ. ಮುಂಬಯಿಯ ಹೋಟೆಲು ಕಾರ್ಮಿಕನಿಗಾದರೋ ಮರಳಲು ಹೊಲವೆಲ್ಲಿತ್ತು? ಊರಿನ ಗೇಣಿಯ ಬಾಕಿಗಾಗಿ, ತಂಗಿಯ ಮದುವೆಯ ಸಾಲಕ್ಕಾಗಿ ಬಂದವನು ಅವನು. ಬೋಧೆಯನ್ನು ಅವನು ಗೌರವದಿಂದಲೇ ಕೇಳಿ ಪಕ್ಕಕ್ಕಿಟ್ಟನು. ಅವನ ಕಣ್ಣು ನೆಟ್ಟದ್ದು ಬೇರೊಂದು ಸಂಗತಿಯಲ್ಲಿ: ವಿಧವೆಯಾದ ಸೋದರಿಯ ಸಂಸಾರವನ್ನು ಹೊತ್ತು, ಸಾಲ ತೀರಿಸಿ, ಮನೆಯನ್ನು ಎತ್ತಿ ನಿಲ್ಲಿಸಿದ ರಾಜೀವನನ್ನು ಸೋದರಳಿಯನೇ ಸಂಶಯಿಸುತ್ತಾನೆ, ಅವನು ಉಣ್ಣುತ್ತಿದ್ದ ಅನ್ನವನ್ನು ಬಿಟ್ಟೆದ್ದು ಹೊರಟುಹೋಗುತ್ತಾನೆ. ದಿನವಿಡೀ ಪರರ ಮುಂದೆ ತಟ್ಟೆಯಿಟ್ಟು ಬಡಿಸುವವನಿಗೆ ಅನ್ನ ಬಿಟ್ಟೇಳುವುದೆಂದರೇನೆಂದು ಯಾರೂ ವಿವರಿಸಬೇಕಾಗಿರಲಿಲ್ಲ. ಊರಿಗೆ ಕಳುಹಿಸಿದ ಮನಿಆರ್ಡರುಗಳ ರಸೀದಿಗಳನ್ನು ಟ್ರಂಕಿನ ತಳದಲ್ಲಿ ವರ್ಷಾನುಗಟ್ಟಲೆ ಜೋಪಾನವಾಗಿಟ್ಟ ಹಿರಿಯರನ್ನು ನಾವು ಬಲ್ಲೆವು. ಏಕೆಂದು ಕೇಳಿದರೆ, "ಇರಲಿ, ನಾಳೆ ಮನೆಯವರು ಲೆಕ್ಕ ಕೇಳಿದರೆ?" ಎನ್ನುತ್ತಿದ್ದರು.