ಮನೆಯ ನಾಯಿ: ನಡತೆ ಮತ್ತು ಆರೋಗ್ಯ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಶಾಸನವೊಂದು ಒಂದು ನಾಯಿಯ ಸ್ಮಾರಕವಾಗಿದೆ. ಗಂಗ ದೊರೆ ಬೂತುಗನು ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನಿಗೆ ಮೆಚ್ಚಿ, ಬೇಕಾದುದನ್ನು ಬೇಡೆಂದಾಗ ಅವನು ಬೇಡಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ದೊಡ್ಡದೊಂದು ಕಾಡುಹಂದಿಯೊಡನೆ ಸೆಣಸಿತು. ಹಂದಿಯೂ ನಾಯಿಯೂ ಒಟ್ಟಿಗೆ ಮಡಿದುವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನೂ ಬಿಡಲಾಯಿತು. ಈ ಶಿಲೆಯನ್ನು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು.

ನಾಯಿಯೊಡನೆ ಕನ್ನಡಿಗರ ನಂಟು ಹೀಗೆ ಬಹು ಹಳೆಯದು. ಆದರೆ ನಾಯಿಯು ಬಾಳುವ ಪರಿಸರ ಇಂದು ಬದಲಾಗಿದೆ. ಊರಿನಲ್ಲಿ ಹಿತ್ತಿಲು, ಜಗಲಿ, ತೋಟಗಳಲ್ಲಿ ಅಡ್ಡಾಡಿಕೊಂಡಿದ್ದ ಪ್ರಾಣಿಯು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಯಂತಹ ನಗರಗಳಲ್ಲಿ ಎರಡು ಕೋಣೆಗಳ ಮನೆಯೊಳಗೆ, ಮೂರನೆಯದೋ ನಾಲ್ಕನೆಯದೋ ಮಹಡಿಯಲ್ಲಿ ದಿನ ಕಳೆಯಬೇಕಾಗಿದೆ. ಹಳ್ಳಿಯಲ್ಲಿ ಯಾರೂ ಲೆಕ್ಕಿಸದಿದ್ದ ಬೊಗಳುವಿಕೆ ಇಲ್ಲಿ ನೆರೆಹೊರೆಯವರ ದೂರಿಗೆ ಕಾರಣವಾಗುತ್ತದೆ. ಬೇಸತ್ತ ಕೆಲವರು ನಾಯಿಯನ್ನು ಹೊಡೆಯುತ್ತಾರೆ. ಕೆಲವರು ದೂರದ ಬೀದಿಯಲ್ಲಿ ಬಿಟ್ಟುಬರುತ್ತಾರೆ. ಹಸಿವು ನೀರಡಿಕೆಗಳಿಂದ ನರಳುವಂತಹ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವೆಂಬುದು ಅನೇಕರಿಗೆ ತಿಳಿದಿಲ್ಲ.

ನಾಯಿಗೆ ನೋವನ್ನು ಹೇಳಿಕೊಳ್ಳಲು ಬಾಯಿಲ್ಲ. ನಡತೆಯೇ ಅದರ ಮಾತು. ತುಂಟತನವೆಂದೋ ಹಟವೆಂದೋ ತೋರುವ ವರ್ತನೆಯ ಹಿಂದೆ ಬಹುಪಾಲು ಭಯ, ಬೇಸರ ಅಥವಾ ರೋಗವಿರುತ್ತದೆ. ಈ ಮಾತನ್ನು ಸಕಾಲದಲ್ಲಿ ಅರಿತರೆ ನಾಯಿಯ ಜೀವ ಉಳಿಯುವುದಷ್ಟೇ ಅಲ್ಲ, ಮನೆಯವರ ಪ್ರಾಣಕ್ಕೂ ರಕ್ಷಣೆ ದೊರೆಯುತ್ತದೆ.

ನಡತೆಯನ್ನು ಅರಿಯುವ ಬಗೆ

ಬಾಲವಾಡಿಸುವ ನಾಯಿ ಕಚ್ಚುವುದಿಲ್ಲವೆಂಬ ನಂಬಿಕೆ ವ್ಯಾಪಕವಾಗಿದೆ. ಇದು ಪೂರ್ತಿ ನಿಜವಲ್ಲ. ಮೈ ಸಡಿಲಗೊಳಿಸಿ, ಇಡೀ ಸೊಂಟವನ್ನೇ ಬಳುಕಿಸುತ್ತ ಬಾಲವಾಡಿಸುವುದು ಸಂತೋಷದ ಲಕ್ಷಣ. ಮೈ ಬಿಗಿಹಿಡಿದು, ಬಾಲವನ್ನು ಮೇಲೆತ್ತಿ ಸಣ್ಣಗೆ ಅಲುಗಿಸುವುದು ಉದ್ರೇಕದ ಸೂಚನೆ. ಬಾಲವನ್ನು ಹಿಂಗಾಲುಗಳ ನಡುವೆ ಸೇರಿಸಿಕೊಳ್ಳುವುದು, ಕಿವಿಗಳನ್ನು ಹಿಂದಕ್ಕೆ ಚಪ್ಪಟೆಯಾಗಿಸುವುದು, ಆಹಾರವಿಲ್ಲದಿದ್ದರೂ ತುಟಿ ನೆಕ್ಕಿಕೊಳ್ಳುವುದು, ನಿದ್ರೆ ಇಲ್ಲದಿದ್ದರೂ ಆಕಳಿಸುವುದು, ಮುಖ ತಿರುಗಿಸುವುದು ಇವೆಲ್ಲ ಅಂಜಿಕೆಯ ಗುರುತುಗಳು. ಮಗುವೊಂದು ಪ್ರೀತಿಯಿಂದ ಕುತ್ತಿಗೆಯನ್ನು ಅಪ್ಪಿಕೊಂಡಾಗ ನಾಯಿ ಹೀಗೆ ಮಾಡಿದರೆ ಮಗುವನ್ನು ಮೆಲ್ಲಗೆ ದೂರ ಸರಿಸಬೇಕು.

ಗುರುಗುಟ್ಟುವುದು ನಾಯಿಯು ಕೊಡುವ ಎಚ್ಚರಿಕೆ. ಗುರುಗುಟ್ಟಿದ್ದಕ್ಕೆಲ್ಲ ಪೆಟ್ಟು ತಿಂದ ನಾಯಿ ಎಚ್ಚರಿಕೆ ಕೊಡುವುದನ್ನು ಬಿಟ್ಟು ನೇರವಾಗಿ ಕಚ್ಚಲು ಕಲಿಯಬಹುದು. ಆದ್ದರಿಂದ ಗುರುಗುಟ್ಟುವಿಕೆಯನ್ನು ಅಡಗಿಸುವುದಕ್ಕಿಂತ ಅದರ ಕಾರಣವನ್ನು ಹುಡುಕುವುದು ಮೇಲು. ಉಣ್ಣುತ್ತಿರುವ, ಮಲಗಿರುವ ಅಥವಾ ಮರಿಗಳಿಗೆ ಹಾಲೂಡುತ್ತಿರುವ ನಾಯಿಯ ಬಳಿಗೆ ಮಕ್ಕಳನ್ನು ಬಿಡಬಾರದು. ಶಾಂತವಾಗಿದ್ದ ನಾಯಿ ಮುಟ್ಟಿದೊಡನೆ ಸಿಡುಕತೊಡಗಿದರೆ ಕಿವಿಯ ಹುಣ್ಣು, ಹಲ್ಲಿನ ಬೇನೆ ಅಥವಾ ಕೀಲುನೋವು ಇರಬಹುದೆಂದು ತಿಳಿದು ಪಶುವೈದ್ಯರಿಗೆ ತೋರಿಸಬೇಕು.

ಮನೆಯವರಿಗೆ ತೊಡಕೆನಿಸುವ ಅಭ್ಯಾಸಗಳು

ಮರಿಯು ಚಪ್ಪಲಿ, ಕುರ್ಚಿಯ ಕಾಲುಗಳನ್ನು ಕಡಿಯುವುದು ಸಹಜ. ಮೂರರಿಂದ ಏಳು ತಿಂಗಳ ನಡುವೆ ಅದರ 28 ಹಾಲುಹಲ್ಲುಗಳು ಬಿದ್ದು 42 ಶಾಶ್ವತ ಹಲ್ಲುಗಳು ಮೂಡುತ್ತವೆ. ಆಗ ಒಸಡು ತುರಿಸುವುದರಿಂದ ಮರಿಗೆ ಏನನ್ನಾದರೂ ಕಡಿಯಬೇಕೆನಿಸುತ್ತದೆ. ಗಟ್ಟಿ ರಬ್ಬರಿನ ಆಟಿಕೆಯೊಂದನ್ನು ಕೊಟ್ಟು, ಚಪ್ಪಲಿಗಳನ್ನು ಎತ್ತರದಲ್ಲಿಡುವುದೇ ಇದಕ್ಕೆ ಪರಿಹಾರ. ಬೇಯಿಸಿದ ಕೋಳಿಮೂಳೆ ಸೀಳಿ ಚೂಪಾಗುವುದರಿಂದ ಅದನ್ನು ಕೊಡಲಾಗದು.

ಮನೆಯೊಳಗೆ ಮಲಮೂತ್ರ ಮಾಡಿದ ಮರಿಯ ಮೂತಿಯನ್ನು ಅದಕ್ಕೆ ಒತ್ತುವ ಪದ್ಧತಿ ಕೆಲವೆಡೆ ಇದೆ. ಇದರಿಂದ ಮರಿಯು ಕಲಿಯುವುದು ಒಡೆಯನ ಬಗ್ಗೆ ಭಯವನ್ನು ಮಾತ್ರ. ನಿದ್ರೆಯಿಂದ ಎದ್ದೊಡನೆ, ಉಂಡ ಬಳಿಕ, ಆಟದ ನಂತರ ಅದನ್ನು ಹೊರಗೊಯ್ದು, ಸರಿಯಾದ ಜಾಗದಲ್ಲಿ ಮಾಡಿದೊಡನೆ ಮೆಚ್ಚುಗೆ ತೋರಿದರೆ ಕೆಲವು ವಾರಗಳಲ್ಲಿ ಅಭ್ಯಾಸವಾಗುತ್ತದೆ. ಅಭ್ಯಾಸವಾಗಿದ್ದ ದೊಡ್ಡ ನಾಯಿಯು ಇದ್ದಕ್ಕಿದ್ದಂತೆ ಮನೆಯೊಳಗೆ ಮೂತ್ರ ಮಾಡತೊಡಗಿದರೆ ಅದು ಮೂತ್ರಕೋಶದ ಸೋಂಕು, ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ತೊಂದರೆಯ ಲಕ್ಷಣವಿರಬಹುದು. ಶಿಕ್ಷೆಯಿಂದ ಅದು ವಾಸಿಯಾಗದು.

ಮನೆಯವರು ಹೊರಟೊಡನೆ ಬೊಗಳುವುದು, ಬಾಗಿಲು ಕೆರೆಯುವುದು ಒಂಟಿತನದ ಅಳುಕು. ಹೊರಡುವ ಮೊದಲು ಅರ್ಧ ಗಂಟೆ ನಡೆದಾಡಿಸುವುದು, ಕೆಲವೇ ನಿಮಿಷಗಳಿಂದ ಆರಂಭಿಸಿ ಒಂಟಿಯಾಗಿರುವ ಅವಧಿಯನ್ನು ನಿಧಾನವಾಗಿ ಹೆಚ್ಚಿಸುವುದು ಫಲ ಕೊಡುತ್ತದೆ. ದೀಪಾವಳಿಯ ಪಟಾಕಿಗೆ ನಾಯಿಗಳು ನಡುಗಿ, ಕೆಲವೊಮ್ಮೆ ಮನೆಯಿಂದ ಓಡಿಹೋಗಿ ಕಳೆದುಹೋಗುತ್ತವೆ. ಮನುಷ್ಯನಿಗೆ ಕೇಳಿಸದ ಸಣ್ಣ ಮತ್ತು ಹೆಚ್ಚಿನ ಕಂಪನದ ಸದ್ದುಗಳೂ ಅದಕ್ಕೆ ಕೇಳಿಸುತ್ತವೆ. ಹಬ್ಬದ ಸಂಜೆ ಕಿಟಕಿ ಮುಚ್ಚಿ, ಒಳಕೋಣೆಯಲ್ಲಿ ಅದರ ಹಾಸಿಗೆಯಿಟ್ಟು, ಜೊತೆಗೆ ಒಬ್ಬರು ಕುಳಿತರೆ ಅದಕ್ಕೆ ಸಮಾಧಾನವಾಗುತ್ತದೆ.

ನಿತ್ಯದ ತಪಾಸಣೆ

ದಿನಕ್ಕೆ ಐದು ನಿಮಿಷ ನಾಯಿಯನ್ನು ತಲೆಯಿಂದ ಬಾಲದವರೆಗೆ ತಡವಿ ನೋಡುವುದು ಒಳ್ಳೆಯದು. ಆರೋಗ್ಯವಂತ ನಾಯಿಯ ಒಸಡು ನಸುಗೆಂಪಾಗಿರುತ್ತದೆ; ಬಿಳಿಚಿದ್ದರೆ ರಕ್ತಹೀನತೆ, ಹಳದಿಯಾಗಿದ್ದರೆ ಕಾಮಾಲೆ ಎಂದು ಶಂಕಿಸಬೇಕು. ಮೂಗು ಒಣಗಿದೆಯೇ ಎಂದು ನೋಡಿ ಜ್ವರವನ್ನು ನಿರ್ಣಯಿಸಲಾಗದು. ನಾಯಿಯ ದೇಹದ ಸಹಜ ಉಷ್ಣತೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಮನುಷ್ಯನಿಗೆ ಜ್ವರವೆನಿಸುವ ಬಿಸಿ ನಾಯಿಗೆ ಸಹಜವಾದುದು.

ಹುಲ್ಲು ತಿಂದು ಒಮ್ಮೆ ವಾಂತಿ ಮಾಡಿದರೆ ಗಾಬರಿಪಡಬೇಕಾಗಿಲ್ಲ. ಮತ್ತೆ ಮತ್ತೆ ವಾಂತಿ, ರಕ್ತಭೇದಿ, ಒಂದು ದಿನಕ್ಕೂ ಮೀರಿ ಆಹಾರ ಬಿಡುವುದು, ಹೊಟ್ಟೆಯುಬ್ಬರ, ಮೂತ್ರ ಕಟ್ಟುವುದು, ಸೆಳೆತ ಇವುಗಳಲ್ಲಿ ಒಂದು ಕಂಡರೂ ತಡಮಾಡಬಾರದು. ನೆಲಕ್ಕೆ ಹಿಂಭಾಗವನ್ನು ಉಜ್ಜುತ್ತ ಸಾಗುವ ನಾಯಿಗೆ ಗುದದ್ವಾರದ ಪಕ್ಕದ ಗ್ರಂಥಿಗಳು ತುಂಬಿರಬಹುದು. ತಲೆಕೊಡವುತ್ತ ಕಿವಿ ಕೆರೆದುಕೊಳ್ಳುವುದು ಕಿವಿಯ ಸೋಂಕಿನ ಗುರುತು. ಚೆನ್ನೈ, ಮುಂಬಯಿಯಂತಹ ತೇವದ ಹವೆಯಲ್ಲಿ ಇದು ಹೆಚ್ಚು.

ಉಣ್ಣೆ ಮತ್ತು ಜಂತುಹುಳು

ನಾಯಿಯ ಉಣ್ಣೆಯು ರಕ್ತ ಹೀರುವುದಲ್ಲದೆ ಎರ್ಲಿಕಿಯಾ, ಬಬೇಸಿಯಾ ಎಂಬ ರೋಗಾಣುಗಳನ್ನೂ ಹರಡುತ್ತದೆ. ಜ್ವರ, ಮಂಕು, ಮೂಗಿನಿಂದ ರಕ್ತಸ್ರಾವ, ಕೆಂಪುಮೂತ್ರ ಇವು ಅದರ ಲಕ್ಷಣಗಳು. ಹೆಣ್ಣು ಉಣ್ಣೆಯು ನಾಯಿಯ ಮೈಯಿಂದ ಇಳಿದು ಗೋಡೆಯ ಬಿರುಕು, ಮಂಚದ ಸಂದುಗಳಲ್ಲಿ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಹಾಗಾಗಿ ನಾಯಿಗೆ ಮಾತ್ರ ಔಷಧಿ ಹಚ್ಚಿ ಮನೆಯನ್ನು ಬಿಟ್ಟರೆ ಕೆಲವೇ ವಾರಗಳಲ್ಲಿ ಉಣ್ಣೆ ಮರಳುತ್ತದೆ. ಉಣ್ಣೆಯನ್ನು ಚಿಮಟದಿಂದ ಚರ್ಮದ ಸಮೀಪ ಹಿಡಿದು ನೇರವಾಗಿ ಎಳೆದು ತೆಗೆಯಬೇಕು. ಬೆರಳಿನಿಂದ ಹಿಸುಕುವುದು, ಸೀಮೆಎಣ್ಣೆ ಸುರಿಯುವುದು ಸಲ್ಲದು.

ದುಂಡುಹುಳುಗಳು ತಾಯಿಯ ಗರ್ಭದಲ್ಲಿರುವಾಗಲೇ ಮರಿಯನ್ನು ಸೇರಬಲ್ಲವು. ಹೊಟ್ಟೆ ಮಾತ್ರ ದಪ್ಪಗಿದ್ದು ಮೈ ಬಡಕಲಾದ ಮರಿಗೆ ಹುಳುವಿನ ಬಾಧೆ ಇರುವ ಸಂಭವ ಹೆಚ್ಚು. ಇವುಗಳ ಮೊಟ್ಟೆ ಮಣ್ಣಿನ ಮೂಲಕ ಮಕ್ಕಳ ಹೊಟ್ಟೆಗೆ ಸೇರಿ ಅಪರೂಪಕ್ಕೆ ಕಣ್ಣಿಗೂ ಹಾನಿ ಮಾಡುತ್ತದೆ. ಎರಡು ವಾರದ ವಯಸ್ಸಿನಿಂದಲೇ ವೈದ್ಯರ ಸಲಹೆಯಂತೆ ಹುಳುವಿನ ಔಷಧಿ ಕೊಡುವುದೂ, ಬೀದಿಯಲ್ಲಿ ನಾಯಿ ಮಾಡಿದ ಮಲವನ್ನು ಒಡೆಯರೇ ಎತ್ತಿ ಹಾಕುವುದೂ ಅಗತ್ಯ.

ಮರಿಗಳ ರೋಗಗಳು ಮತ್ತು ಲಸಿಕೆ

1978ರಲ್ಲಿ ಮೊದಲು ಗುರುತಿಸಲಾದ ಪಾರ್ವೊ ವೈರಸ್ ರೋಗವು ಮರಿಗಳ ದೊಡ್ಡ ಶತ್ರು. ವಾಂತಿ, ದುರ್ವಾಸನೆಯ ರಕ್ತಭೇದಿಗಳಿಂದ ಮರಿಯು ಎರಡು ಮೂರು ದಿನಗಳಲ್ಲೇ ಸಾಯಬಹುದು. ರೋಗಾಣುವು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ, ಮರಿಯೊಂದು ಸತ್ತ ಮನೆಗೆ ಬ್ಲೀಚಿಂಗ್ ದ್ರಾವಣದಿಂದ ತೊಳೆಯದೆ ಹೊಸ ಮರಿಯನ್ನು ತರಬಾರದು. ಡಿಸ್ಟೆಂಪರ್ ರೋಗದಲ್ಲಿ ಕಣ್ಣು ಮೂಗುಗಳಿಂದ ಕೀವು, ಕೆಮ್ಮು, ಬಳಿಕ ಸೆಳೆತ ಕಾಣುತ್ತವೆ. ಇಲಿಯ ಮೂತ್ರ ಬೆರೆತ ನೀರಿನಿಂದ ಬರುವ ಇಲಿಜ್ವರವು ನಾಯಿಗೂ ಮನುಷ್ಯರಿಗೂ ತಗಲುತ್ತದೆ. 2005ರ ಜುಲೈ ತಿಂಗಳಿನ ಮಹಾಮಳೆಯ ನಂತರ ಮುಂಬಯಿಯಲ್ಲಿ ಇದು ಜನರಲ್ಲಿ ಹರಡಿತ್ತು. ಮಳೆಗಾಲದಲ್ಲಿ ನಿಂತ ನೀರಿನಲ್ಲಿ ನಾಯಿಯನ್ನು ಓಡಾಡಿಸದಿರುವುದು ಕ್ಷೇಮ.

ಈ ಮೂರು ರೋಗಗಳಿಗೂ ಲಸಿಕೆಯಿದೆ. ಆರರಿಂದ ಎಂಟು ವಾರಗಳ ವಯಸ್ಸಿನಲ್ಲಿ ಆರಂಭಿಸಿ, ಹದಿನಾರು ವಾರ ತುಂಬುವವರೆಗೆ ಮೂರು ನಾಲ್ಕು ವಾರಗಳಿಗೊಮ್ಮೆ ಕೊಡಿಸಬೇಕು. ಅಲ್ಲಿಯವರೆಗೆ ಮರಿಯನ್ನು ಅಪರಿಚಿತ ನಾಯಿಗಳ ಸಂಪರ್ಕದಿಂದ ದೂರವಿಡಬೇಕು. ರೇಬೀಸ್ ಲಸಿಕೆಯನ್ನು ಮೂರು ತಿಂಗಳ ವಯಸ್ಸಿನಲ್ಲಿ ಕೊಡಿಸಿ, ಬಳಿಕ ವೈದ್ಯರು ಸೂಚಿಸಿದಂತೆ ತಪ್ಪದೆ ಮುಂದುವರಿಸಬೇಕು. ಹಲವು ಮಹಾನಗರಪಾಲಿಕೆಗಳು ಸಾಕುನಾಯಿಗೆ ಪರವಾನಿಗೆ ಕೇಳುವಾಗ ಈ ಲಸಿಕೆಯ ಪತ್ರವನ್ನು ನೋಡುತ್ತವೆ.

ಆಹಾರ, ಔಷಧಿ, ಬಿಸಿಲು

ಚಾಕೊಲೇಟು, ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ ನಾಯಿಗೆ ವಿಷಕಾರಿ. ಈರುಳ್ಳಿ ಬೆರೆತ ಹುಳಿ, ಪಲ್ಯಗಳನ್ನು ಅನ್ನಕ್ಕೆ ಕಲಸಿ ಹಾಕುವ ರೂಢಿಯನ್ನು ಬಿಡಬೇಕು. ಜ್ವರಕ್ಕೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳನ್ನು ಕೊಡುವುದು ಅಪಾಯಕರ.

ನಾಯಿಯು ಬೆವರಿನಿಂದ ಮೈಯನ್ನು ತಂಪಾಗಿಸಿಕೊಳ್ಳಲಾರದು. ತೇಕುವುದೇ ಅದರ ಮುಖ್ಯ ಉಪಾಯ. ಚಪ್ಪಟೆ ಮೂತಿಯ ಪಗ್‌ನಂತಹ ತಳಿಗಳಿಗೆ ಇದೂ ಕಷ್ಟ. ದೆಹಲಿ, ಹೈದರಾಬಾದುಗಳ ಬೇಸಿಗೆಯಲ್ಲಿ ಸೂರ್ಯೋದಯಕ್ಕೆ ಮುನ್ನ ಹಾಗೂ ರಾತ್ರಿಯಲ್ಲಿ ಮಾತ್ರ ಅದನ್ನು ನಡೆದಾಡಿಸಬೇಕು. ನಿಲ್ಲಿಸಿದ ಕಾರಿನಲ್ಲಿ ಕ್ಷಣಕಾಲವೂ ಬಿಡಬಾರದು. ಬಿಸಿಲಿನ ಆಘಾತದಿಂದ ತತ್ತರಿಸುವ ನಾಯಿಗೆ ತಣ್ಣೀರು ಸುರಿದು, ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಒಯ್ಯಬೇಕು.

ರೇಬೀಸ್: ತಪ್ಪು ಗ್ರಹಿಕೆಗಳು ಮತ್ತು ಕರ್ತವ್ಯ

ನಡತೆಯ ಮಾತನ್ನು ಅರಿಯದಿದ್ದರೆ ಒದಗುವ ಅತಿ ದೊಡ್ಡ ಅಪಾಯ ರೇಬೀಸ್. ಕಚ್ಚಿದ ಪ್ರಾಣಿಯ ಜೊಲ್ಲಿನ ಮೂಲಕ ಸೇರಿದ ವೈರಸ್ ನರಗಳ ಹಾದಿಯಲ್ಲಿ ಮಿದುಳನ್ನು ತಲುಪುತ್ತದೆ. ಇದಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಮರಣವು ಬಹುತೇಕ ನಿಶ್ಚಿತ.

ಹುಚ್ಚುನಾಯಿಯು ಸದಾ ಓಡುತ್ತ ಕಚ್ಚುತ್ತದೆಂಬುದು ಅರ್ಧಸತ್ಯ. ಮೊದಲ ದಿನಗಳಲ್ಲಿ ಕಾಣುವುದು ನಡತೆಯ ಬದಲಾವಣೆ ಮಾತ್ರ: ಸಲಿಗೆಯ ನಾಯಿ ಕತ್ತಲ ಮೂಲೆ ಸೇರುತ್ತದೆ, ಅಂಜುಬುರುಕ ನಾಯಿ ಅತಿಯಾಗಿ ಮೈಮೇಲೆ ಬೀಳುತ್ತದೆ. ಕೆಲವು ನಾಯಿಗಳಲ್ಲಿ ರೋಗವು ಮೂಕರೂಪದಲ್ಲಿ ಬರುತ್ತದೆ. ಕೆಳದವಡೆ ಜೋತು, ಜೊಲ್ಲು ಸುರಿದು, ನುಂಗಲಾಗದೆ ಒದ್ದಾಡುವ ನಾಯಿಯನ್ನು ಕಂಡು ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಬಾಯಿಗೆ ಕೈಹಾಕುವವರು ಪ್ರಾಣಕ್ಕೆ ಎರವಾಗುವ ಸಂಭವವಿದೆ. ನೀರು ಕುಡಿಯುವ ನಾಯಿಗೆ ರೇಬೀಸ್ ಇಲ್ಲವೆಂಬುದೂ ತಪ್ಪು. ಜಲಭೀತಿ ರೋಗಿ ಮನುಷ್ಯರಲ್ಲಿ ಕಾಣುವ ಲಕ್ಷಣ. ಸಣ್ಣ ಮರಿಗೂ ರೇಬೀಸ್ ಇರಬಹುದು.

ನಾಯಿ ಕಚ್ಚಿದಾಗ ಅಥವಾ ಪರಚಿದಾಗ ಅನುಸರಿಸಬೇಕಾದ ಕ್ರಮಗಳು ಇವು:

1. ಗಾಯವನ್ನು ಕೂಡಲೇ ಹರಿಯುವ ನೀರಿನಲ್ಲಿ, ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು.

2. ಅರಿಸಿನ, ಸುಣ್ಣ, ಮೆಣಸಿನಪುಡಿ, ಕಾಫಿಪುಡಿ ಹಚ್ಚಬಾರದು. ಗಾಯವನ್ನು ಬಿಗಿಯಾಗಿ ಕಟ್ಟಲೂಬಾರದು.

3. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸರಕಾರಿ ಆಸ್ಪತ್ರೆಗಳಲ್ಲಿ ಚರ್ಮದೊಳಗೆ ನೀಡುವ ಲಸಿಕೆಯನ್ನು ಸಾಮಾನ್ಯವಾಗಿ ಮೊದಲ ದಿನ, ಅನಂತರ 3, 7 ಮತ್ತು 28ನೆಯ ದಿನಗಳಂದು ಕೊಡಲಾಗುತ್ತದೆ. ರಕ್ತ ಬಂದ ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಔಷಧಿಯನ್ನೂ ಗಾಯದ ಸುತ್ತ ಚುಚ್ಚಬೇಕಾಗುತ್ತದೆ.

4. ಕಚ್ಚಿದ ನಾಯಿಯನ್ನು ಹತ್ತು ದಿನ ಗಮನಿಸಬೇಕು. ಆದರೆ ಅದರ ಫಲ ತಿಳಿಯಲೆಂದು ಚಿಕಿತ್ಸೆಯನ್ನು ಮುಂದೂಡಬಾರದು.

ಹೊಟ್ಟೆಯ ಸುತ್ತ ಹದಿನಾಲ್ಕು ಚುಚ್ಚುಮದ್ದೆಂಬ ಹೆದರಿಕೆ ಹಳೆಯ ಕಾಲದ್ದು. 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ ಆ ಲಸಿಕೆಯ ಬಳಕೆಯನ್ನು ಭಾರತದಲ್ಲಿ 2005ರ ಹೊತ್ತಿಗೆ ನಿಲ್ಲಿಸಲಾಯಿತು. ಇಂದಿನ ಲಸಿಕೆಯನ್ನು ತೋಳಿಗೆ ಕೊಡಲಾಗುತ್ತದೆ. ಆದರೂ ಬೈಗುಳಕ್ಕೂ ಸೂಜಿಗೂ ಹೆದರಿ ಪರಚುಗಾಯವನ್ನು ಮುಚ್ಚಿಡುವ ಮಕ್ಕಳು ಇಂದಿಗೂ ಇದ್ದಾರೆ. ನಾಯಿ ಮುಟ್ಟಿದ್ದನ್ನು ಹೇಳಿದರೆ ಯಾರೂ ಗದರಿಸುವುದಿಲ್ಲವೆಂಬ ಧೈರ್ಯವನ್ನು ಮನೆಯ ಹಿರಿಯರು ಮಕ್ಕಳಲ್ಲಿ ಮೊದಲೇ ಮೂಡಿಸಬೇಕು. ನಾಯಿಯಿಂದ ಮನುಷ್ಯರಿಗೆ ಬರುವ ರೇಬೀಸನ್ನು 2030ರೊಳಗೆ ನಿರ್ಮೂಲಗೊಳಿಸುವ ಗುರಿಯ ರಾಷ್ಟ್ರೀಯ ಕ್ರಿಯಾಯೋಜನೆಯನ್ನು 2021ರಲ್ಲಿ ಪ್ರಕಟಿಸಲಾಯಿತು. ಸಾಕುನಾಯಿಗೆ ತಪ್ಪದೆ ಲಸಿಕೆ ಹಾಕಿಸುವ ಪ್ರತಿಯೊಂದು ಮನೆಯೂ ಆ ಕಾರ್ಯದಲ್ಲಿ ಪಾಲುಗೊಂಡಂತೆ.

ಒಡೆಯರ ಹೊಣೆ

ಚಿಕಿತ್ಸೆಗೆ ದೊಡ್ಡ ನಗರಗಳಲ್ಲಿ ಅನುಕೂಲಗಳಿವೆ. ಮುಂಬಯಿಯ ಪರೇಲಿನ, ಚೆನ್ನೈಯ ವೇಪೇರಿಯ ಪಶುವೈದ್ಯ ಕಾಲೇಜುಗಳು ನೂರು ವರ್ಷಗಳಿಗೂ ಹಳೆಯವು. ಸಮೀಪದ ಪಶುವೈದ್ಯರ ವಿಳಾಸವನ್ನು ಮರಿಯನ್ನು ತರುವ ಮುನ್ನವೇ ಬರೆದಿಟ್ಟುಕೊಳ್ಳುವುದು ಉತ್ತಮ. ಮರಿ ಬೇಡವಾದಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕು. ಹುಟ್ಟಿದ ಮರಿಗಳನ್ನು ಬೀದಿಪಾಲು ಮಾಡಬಾರದು.

ನಾಯಿಯ ಬಾಳು ಹತ್ತು ಹದಿನೈದು ವರ್ಷಗಳದು. ಮನೆಯ ಮಕ್ಕಳು ಶಾಲೆ ಮುಗಿಸುವವರೆಗೂ ಅದು ಜೊತೆಗಿರುತ್ತದೆ. ಮಣಲೇರನು ತನ್ನ ಕಾಳಿಗೆ ಅದು ಸತ್ತ ಮೇಲೆ ಕಲ್ಲು ನಿಲ್ಲಿಸಿದನು. ಇಂದಿನ ಒಡೆಯರು ಮಾಡಬೇಕಾದುದು ಅದಕ್ಕಿಂತ ಸುಲಭ: ನಾಯಿಯು ಬದುಕಿರುವಾಗಲೇ ಅದರ ನಡತೆಯತ್ತ ಗಮನವಿಡುವುದು, ವರ್ಷಕ್ಕೊಮ್ಮೆ ಅದನ್ನು ತಪ್ಪದೆ ಪಶುವೈದ್ಯರ ಬಳಿಗೆ ಕರೆದೊಯ್ಯುವುದು.