ರಾಮನಗರ: ಬಿಸಿನೀರಿನ ಬಾಣಲೆಯ ಊರು

ರೇಷ್ಮೆಗೂಡಿಗೆ ಕಾಯುವ ತಾಳ್ಮೆಯಿಲ್ಲ. ಹುಳು ಗೂಡು ಕಟ್ಟುವ ಚಂದ್ರಿಕೆಯಿಂದ ಬಿಡಿಸಿದ ಕೆಲವೇ ದಿನಗಳಲ್ಲಿ ಹಬೆಗೊಡ್ಡದಿದ್ದರೆ ಪತಂಗ ಗೂಡು ಕೊರೆದು ಹೊರಬಂದು, ಎಳೆ ಹಾಳಾಗುತ್ತದೆ. ಹಾಗಾಗಿ ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಸುಮಾರು 50 ಕಿ.ಮೀ. ದೂರದ ರಾಮನಗರದ ಮಾರುಕಟ್ಟೆಗೆ ಬಂದ ಗೂಡು ಅಂದೇ ಹರಾಜಾಗಿ, ಊರಿನ ಗಲ್ಲಿಗಳಲ್ಲಿರುವ ನೂಲು ಬಿಚ್ಚಾಣಿಕೆ ಘಟಕ ಸೇರುತ್ತದೆ. ಎಕರೆಯಷ್ಟೇ ಹಿಪ್ಪುನೇರಳೆ ಇರುವ ರೈತನಿಗೂ ವರ್ಷದಲ್ಲಿ ಹಲವು ಸಲ ಕೈಗೆ ಕಾಸು ಬರುವುದು ಈ ಘಟಕಗಳಿಂದಲೇ.

ಈ ಕಸುಬಿನ ಬೇರು ಹಳೆಯದು: ಮೈಸೂರು ಸೀಮೆಗೆ ರೇಷ್ಮೆ ತಂದದ್ದು ಟಿಪ್ಪು ಸುಲ್ತಾನ್. 1959ರ ಕಾಯ್ದೆ ಗೂಡಿನ ವ್ಯಾಪಾರವನ್ನು ಸರ್ಕಾರಿ ಮಾರುಕಟ್ಟೆಗೆ ತಂದಿತು. 1980ರ ದಶಕದಲ್ಲಿ ರೇಷ್ಮೆ ಕೃಷಿಗೆ ವಿಶ್ವಬ್ಯಾಂಕಿನ ನೆರವೂ ಸಿಕ್ಕಿತು.

ಊರಿನ ಜೀವ ಇರುವುದು ನೂಲು ಬಿಚ್ಚುವ ಚರಕದ ಮುಂದೆ. ಒಲೆಯ ಮೇಲಿನ ಬಾಣಲೆಯಲ್ಲಿ ಗೂಡು ಬೆಂದು ಅಂಟು ಸಡಿಲವಾಗುತ್ತದೆ. ಕಲಕಿ ತುದಿ ಹುಡುಕಿ, ಹಲವು ಗೂಡುಗಳ ಎಳೆ ಕೂಡಿಸಿ ರಾಟೆಗೆ ಹತ್ತಿಸಬೇಕು. ಒಂದು ಗೂಡು ಬರಿದಾಗುತ್ತಲೇ ಮತ್ತೊಂದರ ಎಳೆ ಸೇರಿಸಬೇಕು; ಕಣ್ಣು ತಪ್ಪಿದರೆ ನೂಲು ತೆಳ್ಳಗಾಗಿ ಬೆಲೆ ಇಳಿಯುತ್ತದೆ. ದಿನವಿಡೀ ಬಿಸಿನೀರಿನಲ್ಲಿ ನೆಂದ ಬೆರಳು ಬಿಳಿಚಿ ಸುಕ್ಕುಗಟ್ಟಿರುತ್ತದೆ, ಬೆಂದ ಹುಳುವಿನ ವಾಸನೆ ಸೀರೆಯೊಂದಿಗೆ ಮನೆಗೂ ಹೋಗುತ್ತದೆ. ಇಷ್ಟಾದರೂ ಮಳೆ ನಂಬಿ ಕೂಲಿಗೆ ಹೋಗುತ್ತಿದ್ದ ಭೂಮಿಯಿಲ್ಲದ ಹೆಣ್ಣುಮಕ್ಕಳಿಗೆ ಊರಲ್ಲೇ ದಿನಗೂಲಿ ಸಿಕ್ಕಿದ್ದು ಇಲ್ಲಿ. ಚರಕಕ್ಕೆ ದೊಡ್ಡ ಬಂಡವಾಳ ಬೇಡ. ಕೆಲಸ ಕಲಿತವರು ಒಂದೆರಡು ಹಾಕಿಕೊಂಡು ತಾವೇ ರೀಲರ್, ಅಂದರೆ ಘಟಕದ ಒಡೆಯರು, ಆಗಬಹುದಿತ್ತು.

ಆದರೆ ಕೆಲಸಕ್ಕೆ ಮುಂಚೆಯೇ ರೀಲರ್ ಕೊಡುತ್ತಿದ್ದ ಮುಂಗಡ ಹಲವು ಮನೆಗಳನ್ನು ಕಟ್ಟಿಹಾಕಿತು. ಸಾಲ ತೀರಿಸಲು ಮಕ್ಕಳೂ ಬಾಣಲೆಯ ಮುಂದೆ ಕೂರುತ್ತಿದ್ದರು. ರೇಷ್ಮೆ ಉದ್ಯಮದ ಈ ಮಕ್ಕಳ ಜೀತವನ್ನು 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ವರದಿ ದಾಖಲಿಸಿತು. ಉದ್ಯಮ ಬಡತನ ಇಳಿಸಿತು ಎಂಬ ಲೆಕ್ಕದಿಂದ ಈ ಮಕ್ಕಳು ಕಳೆದುಕೊಂಡ ಶಾಲೆಯ ವರ್ಷಗಳನ್ನು ಕೈಬಿಡುವುದು ಅನ್ಯಾಯ. ಮುಂದಿನ ಪೆಟ್ಟು ಹೊರಗಿನಿಂದ ಬಂತು: 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ 5ಕ್ಕೆ ಇಳಿಸಿದಾಗ ಗೂಡಿನ ದರ ಬಿದ್ದು, ರೈತ ಮತ್ತು ರೀಲರ್ ಇಬ್ಬರೂ ಕುಗ್ಗಿದರು.

ಈಗ ಸರ್ಕಾರದ ಸಹಾಯಧನ ಸ್ವಯಂಚಾಲಿತ ಬಿಚ್ಚಾಣಿಕೆ ಯಂತ್ರದತ್ತ ವಾಲಿದೆ. ವರ್ಷಕ್ಕೆ ಎರಡು ಪೀಳಿಗೆಯ ದ್ವಿತಳಿ ಹುಳುವಿನ ಗೂಡಿನಿಂದ ಅದು ತೆಗೆಯುವ ನೂಲು ಏಕಸಮ, ಆಮದಿನ ನೂಲಿಗೆ ಸರಿಸಾಟಿ; ಒಲೆಯ ಹೊಗೆಯೂ ಇಲ್ಲ. ಆದರೆ ಅದನ್ನು ಕೊಳ್ಳುವುದು ಚರಕದವರ ಕೈಮೀರಿದ ಮಾತು, ಕೂಲಿಯಾಗಿ ಬಂದು ರೀಲರ್ ಆಗುವ ದಾರಿ ಇದರಿಂದ ಕಿರಿದಾಗಿದೆ. ಯಂತ್ರದ ಸಾಲುಸಾಲು ಬೇಸಿನ್‌ಗಳಿಗೆ ಕೆಲವೇ ಜನ ಸಾಕು. ಕಡಿದ ಎಳೆ ಹುಡುಕಿ ಗಂಟು ಹಾಕಲು ಅವರು ಸಾಲಿನ ಉದ್ದಕ್ಕೂ ನಡೆಯುತ್ತಲೇ ಇರುತ್ತಾರೆ.